ಮಗು ಮನೆಗೆ ಮರಳುವುದರ ಲೆಕ್ಕ: ವ್ಯಸನಿ ತಂದೆತಾಯಿಯರ ಕೌಟುಂಬಿಕ ಡ್ರಗ್ ಕೋರ್ಟ್‌ಗಳ ಖರ್ಚೆಷ್ಟು, ಫಲವೇನು?

ತಂದೆಯ ಅಥವಾ ತಾಯಿಯ ಕುಡಿತ, ಡ್ರಗ್ಸ್ ಚಟದಿಂದ ಮಗುವಿಗೆ ಅಪಾಯವಿದೆ ಎಂದು ಅಮೆರಿಕದ ಮಕ್ಕಳ ರಕ್ಷಣಾ ಇಲಾಖೆ ಮಗುವನ್ನು ಮನೆಯಿಂದ ಕರೆದೊಯ್ದ ಮೇಲೆ ಆ ಕುಟುಂಬಕ್ಕೆ ಸಿಗುವ ಕಾಲ ಬಹಳ ಕಡಿಮೆ. 1997ರ ದತ್ತು ಮತ್ತು ಸುರಕ್ಷಿತ ಕುಟುಂಬಗಳ ಕಾಯ್ದೆಯಂತೆ, ಮಗುವಿನ ಶಾಶ್ವತ ನೆಲೆ ಎಲ್ಲಿ ಎಂಬ ವಿಚಾರಣೆ 12 ತಿಂಗಳೊಳಗೆ ನಡೆಯಬೇಕು. ಹಿಂದಿನ 22 ತಿಂಗಳಲ್ಲಿ 15 ತಿಂಗಳನ್ನು ಮಗು ಸರ್ಕಾರದ ಆರೈಕೆಯಲ್ಲಿ ಕಳೆದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಂದೆತಾಯಿಯ ಹಕ್ಕನ್ನೇ ರದ್ದು ಮಾಡುವಂತೆ ರಾಜ್ಯ ಅರ್ಜಿ ಹಾಕಲೇಬೇಕು. ಈ ಲೆಕ್ಕ ಶುರುವಾಗುವುದು ನಿರ್ಲಕ್ಷ್ಯ ಅಥವಾ ಹಿಂಸೆ ನಡೆದಿದೆ ಎಂದು ನ್ಯಾಯಾಲಯ ತೀರ್ಮಾನಿಸಿದ ದಿನದಿಂದ. ಇಲ್ಲವೇ ಮಗು ಮನೆ ಬಿಟ್ಟ 60ನೇ ದಿನದಿಂದ. ಯಾವುದು ಮೊದಲೋ ಅದು.

ವ್ಯಸನದಿಂದ ಹೊರಬರುವ ಕಾಲದ ಲೆಕ್ಕವೇ ಬೇರೆ. 90 ದಿನಕ್ಕಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹೆಚ್ಚೇನೂ ಫಲವಿಲ್ಲ ಎನ್ನುವುದು ಅಮೆರಿಕದ ರಾಷ್ಟ್ರೀಯ ಮಾದಕವಸ್ತು ವ್ಯಸನ ಸಂಸ್ಥೆಯ ನಿಲುವು. ಹೆರಾಯಿನ್‌ನಂಥ ಚಟಕ್ಕೆ ಕೊಡುವ ಔಷಧವಾದ ಮೆಥಡೋನ್‌ನ ಚಿಕಿತ್ಸೆಗೆ ಕನಿಷ್ಠ 12 ತಿಂಗಳು ಬೇಕು. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ಮತ್ತೆ ಒಮ್ಮೆಯಾದರೂ ಬಳಕೆಗೆ ಬೀಳುತ್ತಾರೆ. ಒಂದು ಮರುಬಳಕೆಯಿಂದ ಎದ್ದು ನಿಲ್ಲುವಷ್ಟರಲ್ಲಿ ಕಾನೂನಿನ ಗಡುವು ಮುಗಿದುಹೋಗಬಹುದು.

ಈ ಎರಡು ಕಾಲಗಳನ್ನು ಹೊಂದಿಸಲು ಹುಟ್ಟಿಕೊಂಡದ್ದು ಕೌಟುಂಬಿಕ ಡ್ರಗ್ ಚಿಕಿತ್ಸಾ ನ್ಯಾಯಾಲಯ. ಇದು ಶಿಕ್ಷೆ ಕೊಡುವ ನ್ಯಾಯಾಲಯವಲ್ಲ. ನಮ್ಮ ಎನ್‌ಡಿಪಿಎಸ್ ಕಾಯ್ದೆಯ ವಿಶೇಷ ನ್ಯಾಯಾಲಯಗಳಿಗೂ ಇದಕ್ಕೂ ಸಂಬಂಧವಿಲ್ಲ. ವಿಚ್ಛೇದನ, ಜೀವನಾಂಶ ನೋಡುವ ನಮ್ಮ ಕೌಟುಂಬಿಕ ನ್ಯಾಯಾಲಯದಂಥದ್ದೂ ಅಲ್ಲ. ಭಾರತದಲ್ಲಿ ಆರೈಕೆ ಬೇಕಾದ ಮಗುವಿನ ವಿಷಯ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಮೆರಿಕದಲ್ಲಿ ಅದು ಬರುವುದು ನ್ಯಾಯಾಧೀಶರ ಮುಂದೆ. ಅಂಥ ಪ್ರಕರಣಗಳಲ್ಲಿ ವ್ಯಸನವೇ ಮೂಲ ಕಾರಣವಾದವನ್ನು ಆರಿಸಿ, ಚಿಕಿತ್ಸೆ ಮತ್ತು ನ್ಯಾಯಾಲಯದ ನಿಗಾ ಎರಡನ್ನೂ ಒಟ್ಟಿಗೆ ನಡೆಸುವುದೇ ಈ ಏರ್ಪಾಡು.

ಇದಕ್ಕೆ ತಗಲುವ ಖರ್ಚು ಎಷ್ಟು, ಅದು ಮರಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನ್ಯಾಯಾಲಯದ ಲೆಕ್ಕಪತ್ರದಲ್ಲಿ ಸಿಗುವುದಿಲ್ಲ. ಮಗು ಬೇರೆಯವರ ಮನೆಯಲ್ಲಿ ಎಷ್ಟು ದಿನ ಕಳೆಯಿತು ಎಂಬ ಎಣಿಕೆಯಲ್ಲಿ ಸಿಗುತ್ತದೆ.

ಎಲ್ಲಿ ಶುರುವಾಯಿತು

ವಯಸ್ಕ ಆರೋಪಿಗಳಿಗಾಗಿ ಮೊದಲ ಡ್ರಗ್ ಕೋರ್ಟ್ ಬಂದದ್ದು 1989ರಲ್ಲಿ, ಫ್ಲಾರಿಡಾದ ಮಯಾಮಿಯಲ್ಲಿ. ಅದೇ ತತ್ವವನ್ನು ಮಕ್ಕಳ ರಕ್ಷಣೆಯ ಪ್ರಕರಣಗಳಿಗೆ ಅಳವಡಿಸಿದವರಲ್ಲಿ ಮೊದಲಿಗರು 1990ರ ದಶಕದ ನಡುವೆ ನೆವಾಡಾದ ರೀನೋದಲ್ಲಿದ್ದ ನ್ಯಾಯಾಧೀಶ ಚಾರ್ಲ್ಸ್ ಮೆಗೀ. ಈಗ ಅಮೆರಿಕದಲ್ಲಿ ಇಂಥ ನ್ಯಾಯಾಲಯಗಳು ನೂರಾರಿವೆ. ಲಂಡನ್ನಿನಲ್ಲಿ 2008ರ ಜನವರಿಯಲ್ಲಿ ನ್ಯಾಯಾಧೀಶ ನಿಕೋಲಸ್ ಕ್ರೈಟನ್ ಇದನ್ನು ಶುರುಮಾಡಿದರು; ಅಲ್ಲಿ ಇದರ ಹೆಸರು ಕುಟುಂಬ ಮಾದಕವಸ್ತು ಮತ್ತು ಮದ್ಯ ನ್ಯಾಯಾಲಯ, ಚಿಕ್ಕದಾಗಿ ಎಫ್‌ಡ್ಯಾಕ್. ಆಸ್ಟ್ರೇಲಿಯಾದ ಮೆಲ್ಬರ್ನ್ ಹೊರವಲಯದ ಬ್ರಾಡ್‌ಮೆಡೋಸ್‌ನಲ್ಲಿ 2014ರಲ್ಲಿ ಬಂತು.

ಸಾಮಾನ್ಯ ಹಾದಿಯಲ್ಲಿ ಕಾಲ ಸೋರುವ ಜಾಗಗಳು

ಸಾಮಾನ್ಯ ಮಕ್ಕಳ ರಕ್ಷಣಾ ಪ್ರಕರಣದಲ್ಲಿ ಮೊದಲ ವಿಚಾರಣೆಯ ನಂತರ ತಾಯಿಯ ಕೈಗೆ ಒಂದು ಯೋಜನೆಯ ಕಾಗದ ಬರುತ್ತದೆ: ಚಿಕಿತ್ಸೆಗೆ ಸೇರಬೇಕು, ಮೂತ್ರ ಪರೀಕ್ಷೆ ಮಾಡಿಸಬೇಕು, ಪಾಲನೆಯ ತರಗತಿಗೆ ಹೋಗಬೇಕು, ಮನೆ ಹುಡುಕಬೇಕು. ಜೊತೆಗೆ ಒಂದಿಷ್ಟು ಫೋನ್ ನಂಬರುಗಳು. ಚಿಕಿತ್ಸಾ ಕೇಂದ್ರದಲ್ಲಿ ಕಾಯುವ ಪಟ್ಟಿ. ವಿಮೆಯ ಅನುಮತಿ ಬರಬೇಕು. ಮಗು ಮನೆಯಲ್ಲಿಲ್ಲ ಎಂಬ ಕಾರಣಕ್ಕೆ ನಗದು ನೆರವು ನಿಲ್ಲುತ್ತದೆ, ಅದರ ಹಿಂದೆಯೇ ಬಾಡಿಗೆಗೂ ಕಷ್ಟ. ಮುಂದಿನ ಪರಿಶೀಲನಾ ವಿಚಾರಣೆ ಹಲವೆಡೆ ಆರು ತಿಂಗಳ ನಂತರ. ಆಕೆ ಚಿಕಿತ್ಸೆಗೆ ಸೇರಿಯೇ ಇಲ್ಲ ಎಂಬುದು ನ್ಯಾಯಾಧೀಶರಿಗೆ ತಿಳಿಯುವುದು ಆ ದಿನ. ಅಷ್ಟರಲ್ಲಿ 12 ತಿಂಗಳಲ್ಲಿ ಅರ್ಧ ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷದೊಳಗಿನ ಮಗುವನ್ನು ತೆಗೆದುಕೊಂಡು ಹೋಗಿದ್ದರೆ ಮರುಸೇರ್ಪಡೆಯ, ಅಂದರೆ ಮಗುವನ್ನು ಮನೆಗೆ ಮರಳಿಸುವ, ಸೇವೆಗೆ ಸಾಮಾನ್ಯವಾಗಿ ಸಿಗುವುದೇ ಆರು ತಿಂಗಳು. ಆ ತಾಯಿಯ ಪಾಲಿಗೆ ಮೊದಲ ಪರಿಶೀಲನೆಯೇ ಕೊನೆಯದೂ ಆಗಬಹುದು.

ಕೌಟುಂಬಿಕ ಡ್ರಗ್ ಕೋರ್ಟ್ ಮಾಡುವ ಮುಖ್ಯ ಕೆಲಸ ಈ ಸೋರಿಕೆಯನ್ನು ತಡೆಯುವುದು. ಉಳಿದದ್ದೆಲ್ಲ ಅದಕ್ಕೆ ಪೂರಕ.

ಒಳಗಿನ ಕೆಲಸ

ಮಗುವನ್ನು ಕರೆದೊಯ್ದ ಕೆಲವೇ ದಿನಗಳಲ್ಲಿ ತಂದೆತಾಯಿಯ ಪ್ರಾಥಮಿಕ ತಪಾಸಣೆ ಆಗುತ್ತದೆ. ಚೆನ್ನಾಗಿ ನಡೆಯುವ ಕಡೆ ಅದು ನಡೆಯುವುದು ಮೊದಲ ವಿಚಾರಣೆಯ ದಿನವೇ, ನ್ಯಾಯಾಲಯದ ಕಟ್ಟಡದಲ್ಲೇ. ಆಮೇಲೆ ಪೂರ್ಣ ವೈದ್ಯಕೀಯ ಮೌಲ್ಯಮಾಪನ. ಅದರಲ್ಲಿ ತೀರ್ಮಾನವಾಗುವುದು ಚಿಕಿತ್ಸೆಯ ಮಟ್ಟ: ವಾರಕ್ಕೆ 9 ಗಂಟೆಗಿಂತ ಕಡಿಮೆಯ ಹೊರರೋಗಿ ಚಿಕಿತ್ಸೆ ಸಾಕೇ, 9 ಗಂಟೆ ಅಥವಾ ಹೆಚ್ಚಿನ ತೀವ್ರ ಹೊರರೋಗಿ ಚಿಕಿತ್ಸೆ ಬೇಕೇ, ವಸತಿ ಕೇಂದ್ರವೇ, ಆಸ್ಪತ್ರೆಯೇ? ಇದನ್ನು ನಿರ್ಧರಿಸಬೇಕಾದವರು ಚಿಕಿತ್ಸಕರು, ನ್ಯಾಯಾಧೀಶರಲ್ಲ. ಎಲ್ಲರನ್ನೂ ವಸತಿ ಕೇಂದ್ರಕ್ಕೆ ಕಳಿಸುವ ನ್ಯಾಯಾಲಯ ದುಡ್ಡನ್ನೂ ಕಳೆಯುತ್ತದೆ, ಹಾಸಿಗೆಗಾಗಿ ಕಾಯಿಸಿ ಕಾಲವನ್ನೂ ಕಳೆಯುತ್ತದೆ.

ಇಡೀ ಕಾರ್ಯಕ್ರಮ ಸಾಮಾನ್ಯವಾಗಿ 12ರಿಂದ 18 ತಿಂಗಳು, ನಾಲ್ಕೈದು ಹಂತಗಳಲ್ಲಿ. ಮೊದಲ ಹಂತದಲ್ಲಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ನ್ಯಾಯಾಲಯಕ್ಕೆ ಬರಬೇಕು, ಕೊನೆಯಲ್ಲಿ ತಿಂಗಳಿಗೊಮ್ಮೆ. ಪ್ರತಿ ವಿಚಾರಣೆಗೆ ಮುನ್ನ ತಂಡ ಸಭೆ ಸೇರುತ್ತದೆ: ನ್ಯಾಯಾಧೀಶರು, ಇಲಾಖೆಯ ಸಮಾಜ ಕಾರ್ಯಕರ್ತರು, ಚಿಕಿತ್ಸಾ ಕೇಂದ್ರದವರು, ತಂದೆತಾಯಿಯ ವಕೀಲರು, ಮಗುವಿನ ಪರ ವಕೀಲರು, ಸಮನ್ವಯಾಧಿಕಾರಿ. ವಿಚಾರಣೆಯಲ್ಲಿ ನ್ಯಾಯಾಧೀಶರು ಮಾತಾಡುವುದು ವಕೀಲರ ಜೊತೆಗಿಂತ ಹೆಚ್ಚಾಗಿ ನೇರ ತಾಯಿಯ ಜೊತೆ. ವಯಸ್ಕ ಡ್ರಗ್ ಕೋರ್ಟ್‌ಗಳ ಅಧ್ಯಯನದಲ್ಲಿ ಒಬ್ಬರಿಗೆ ಕನಿಷ್ಠ 3 ನಿಮಿಷ ಕೊಟ್ಟ ನ್ಯಾಯಾಲಯಗಳ ಫಲಿತಾಂಶ ಗಮನಾರ್ಹವಾಗಿ ಮೇಲಿತ್ತು. ಕೇಳಲು ಸಣ್ಣ ಸಂಖ್ಯೆ, ಆದರೆ ಒಂದು ಬೆಳಗಿನಲ್ಲಿ ಎಷ್ಟು ಕುಟುಂಬಗಳನ್ನು ಕರೆಯಬಹುದು ಎಂಬ ಮಿತಿ ಇದರಿಂದಲೇ ಹುಟ್ಟುತ್ತದೆ.

ಎರಡು ಮಾದರಿಗಳಿವೆ. ಒಂದರಲ್ಲಿ ಮಗುವಿನ ಪ್ರಕರಣವನ್ನೂ ಚಿಕಿತ್ಸೆಯ ನಿಗಾವನ್ನೂ ಒಬ್ಬರೇ ನ್ಯಾಯಾಧೀಶರು ನೋಡುತ್ತಾರೆ. ಇನ್ನೊಂದರಲ್ಲಿ ಎರಡೂ ಸಮಾನಾಂತರವಾಗಿ ಬೇರೆ ಬೇರೆ ನ್ಯಾಯಾಧೀಶರ ಮುಂದೆ ನಡೆಯುತ್ತವೆ. ಒಬ್ಬರೇ ನೋಡಿದರೆ ವೇಗ ಹೆಚ್ಚು. ಆದರೆ ವಾರವಾರ ಮನಬಿಚ್ಚಿ ಹೇಳಿಕೊಂಡದ್ದನ್ನೆಲ್ಲ ಕೇಳಿಸಿಕೊಂಡವರೇ ಕೊನೆಗೆ ತಾಯಿಯ ಹಕ್ಕಿನ ತೀರ್ಪನ್ನೂ ಬರೆಯುತ್ತಾರೆ. ಆದ್ದರಿಂದ ಕಾರ್ಯಕ್ರಮಕ್ಕೆ ಸಹಿ ಹಾಕುವ ಮೊದಲು ವಕೀಲರ ಜೊತೆ ಕೂತು ಕೇಳಲೇಬೇಕಾದ ಪ್ರಶ್ನೆ: ಇಲ್ಲಿ ಒಪ್ಪಿಕೊಂಡ ಮಾತನ್ನು ನನ್ನ ವಿರುದ್ಧ ಎಲ್ಲೆಲ್ಲಿ ಬಳಸಬಹುದು? ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಸಾಮಾನ್ಯ ವೈದ್ಯಕೀಯ ದಾಖಲೆಗಳಿಗಿಂತ ಬಿಗಿಯಾದ ಸಂಯುಕ್ತ ಸರ್ಕಾರದ ಗೋಪ್ಯತಾ ನಿಯಮವಿದೆ. ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸಕರು ತಂಡದ ಸಭೆಯಲ್ಲಿ ಬಾಯಿ ಬಿಡುವಂತಿಲ್ಲ. ಆ ಒಪ್ಪಿಗೆ ಪತ್ರದಲ್ಲಿ ಯಾರಿಗೆ, ಯಾವ ಮಾಹಿತಿ, ಎಲ್ಲಿಯವರೆಗೆ ಎಂಬುದನ್ನು ಓದಿಯೇ ಸಹಿ ಹಾಕಬೇಕು.

ಮರುಬಳಕೆಯಾದರೆ? ಇಲ್ಲಿಯೇ ಒಳ್ಳೆಯ ನ್ಯಾಯಾಲಯಕ್ಕೂ ಕೆಟ್ಟ ನ್ಯಾಯಾಲಯಕ್ಕೂ ಇರುವ ವ್ಯತ್ಯಾಸ ಕಾಣುವುದು. ಮೊದಲ ವಾರಗಳಲ್ಲಿ ಬಳಕೆ ನಿಲ್ಲದಿರುವುದು ಕಾಯಿಲೆಯ ಲಕ್ಷಣ. ಅದಕ್ಕೆ ಉತ್ತರ ಚಿಕಿತ್ಸೆಯನ್ನು ಬದಲಿಸುವುದು, ಹೆಚ್ಚಿಸುವುದು. ಪರೀಕ್ಷೆಗೆ ಬಾರದಿರುವುದು, ಸುಳ್ಳು ಹೇಳುವುದು ಬೇರೆ. ಅವು ಆಕೆಯ ಹಿಡಿತದಲ್ಲಿರುವ ವರ್ತನೆಗಳು, ಅವಕ್ಕೆ ಹೆಚ್ಚು ವಿಚಾರಣೆ, ಲಿಖಿತ ವಿವರಣೆಯಂಥ ಪ್ರತಿಕ್ರಿಯೆ ಸಲ್ಲುತ್ತದೆ. ಮಗುವಿನ ಭೇಟಿಯನ್ನು ಮಾತ್ರ ಬಹುಮಾನವಾಗಿಯೋ ಶಿಕ್ಷೆಯಾಗಿಯೋ ಬಳಸಬಾರದು. ಪರೀಕ್ಷೆ ಪಾಸಿಟಿವ್ ಬಂತು ಎಂದು ಶನಿವಾರದ ಭೇಟಿ ರದ್ದು ಮಾಡಿದರೆ ಶಿಕ್ಷೆ ಅನುಭವಿಸುವುದು ಮಗು. ಭೇಟಿ ನಿಲ್ಲಬೇಕಾದದ್ದು ಆ ದಿನ ಮಗುವಿನ ಸುರಕ್ಷತೆಗೆ ನಿಜವಾದ ಅಪಾಯ ಇದ್ದರೆ ಮಾತ್ರ. 2019ರಲ್ಲಿ ಪ್ರಕಟವಾದ ಕೌಟುಂಬಿಕ ಚಿಕಿತ್ಸಾ ನ್ಯಾಯಾಲಯಗಳ ಮಾನದಂಡಗಳು ಇದನ್ನೆಲ್ಲ ದಂಡನೆಯ ಭಾಷೆಯಲ್ಲಿ ಹೇಳದೆ ಚಿಕಿತ್ಸಾತ್ಮಕ ಪ್ರತಿಕ್ರಿಯೆ ಎಂದು ಕರೆದಿವೆ.

ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಮೂತ್ರ ಪರೀಕ್ಷೆ ವಾರಕ್ಕೆ ಕನಿಷ್ಠ ಎರಡು ಸಲ, ಮುಂಚೆ ತಿಳಿಸದ ದಿನಗಳಲ್ಲಿ. ಕಾರಣ ಸರಳ: ಕೊಕೇನ್, ಮೆಥಾಂಫೆಟಮಿನ್, ಹೆರಾಯಿನ್‌ಗಳ ಕುರುಹು ಮೂತ್ರದಲ್ಲಿ ಉಳಿಯುವುದು ಸುಮಾರು 2ರಿಂದ 4 ದಿನ. ಸೋಮವಾರ ಮಾತ್ರ ಪರೀಕ್ಷೆ ಎಂದು ಗೊತ್ತಿದ್ದರೆ ಮಂಗಳವಾರ ಬಳಸಿ ತಪ್ಪಿಸಿಕೊಳ್ಳಬಹುದು. ಗಾಂಜಾ ಹಾಗಲ್ಲ, ದಿನವೂ ಸೇದುತ್ತಿದ್ದವರಲ್ಲಿ ನಿಲ್ಲಿಸಿದ ಮೇಲೂ ಒಂದು ತಿಂಗಳವರೆಗೆ ಪಾಸಿಟಿವ್ ಬರಬಹುದು. ಹೆರಾಯಿನ್‌ನಂತೆಯೇ ಕೆಲಸ ಮಾಡುವ ಫೆಂಟನಿಲ್ ಅನ್ನು ದೀರ್ಘಕಾಲ ಬಳಸಿದವರಲ್ಲೂ ಬಿಟ್ಟು ವಾರ ಕಳೆದರೂ ಕುರುಹು ಉಳಿದಿರಬಹುದು. ಇದನ್ನು ಹೊಸ ಬಳಕೆ ಎಂದು ತಪ್ಪಾಗಿ ಓದಿದರೆ ನಿಜ ಹೇಳುತ್ತಿರುವ ತಾಯಿಯನ್ನು ಸುಳ್ಳುಗಾರ್ತಿ ಎಂದಂತಾಗುತ್ತದೆ.

ಮದ್ಯ ಕೆಲವೇ ಗಂಟೆಗಳಲ್ಲಿ ಕರಗುವುದರಿಂದ ಇಟಿಜಿ ಎಂಬ ಅದರ ಉಪವಸ್ತುವನ್ನು ಮೂತ್ರದಲ್ಲಿ ಹುಡುಕುತ್ತಾರೆ. ಅದು ಮೂರು ದಿನದ ಆಸುಪಾಸು ಸಿಗುತ್ತದೆ. ಮಿಲಿಲೀಟರಿಗೆ 100 ನ್ಯಾನೋಗ್ರಾಂ ಎಂಬ ಕೆಳಮಟ್ಟದ ಗಡಿ ಇಟ್ಟರೆ ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಪಾಸಿಟಿವ್ ಕೊಡಬಹುದು, ಆದ್ದರಿಂದ 500 ಸುರಕ್ಷಿತ. ನೀರು ಕುಡಿದು ತೆಳುಮಾಡಿದ ಮಾದರಿಯನ್ನು ಮೂತ್ರದಲ್ಲಿ ಸಹಜವಾಗಿಯೇ ಇರುವ ಕ್ರಿಯಾಟಿನಿನ್ ಎಂಬ ವಸ್ತುವಿನ ಪ್ರಮಾಣ ಹಿಡಿಯುತ್ತದೆ. ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿದ್ದರೆ ಅನುಮಾನ. ಸ್ಥಳದಲ್ಲೇ ಮಾಡುವ ಪಟ್ಟಿ ಪರೀಕ್ಷೆ ಸೂಚನೆ ಮಾತ್ರ. ತಾಯಿ ಒಪ್ಪದಿದ್ದರೆ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಖಚಿತಪಡಿಸಬೇಕು. ಗಸಗಸೆ ತಿಂದದ್ದಕ್ಕೂ ಅಫೀಮಿನ ಅಂಶ ಪಾಸಿಟಿವ್ ಬರುತ್ತದೆ ಎಂಬುದು ಗಸಗಸೆ ಪಾಯಸ ಮಾಡುವ ಕನ್ನಡದ ಮನೆಗಳು ಅಮೆರಿಕದಲ್ಲಿ ನೆನಪಿಡಬೇಕಾದ ಸಂಗತಿ.

ಇಂಗ್ಲೆಂಡಿನ ಕೌಟುಂಬಿಕ ನ್ಯಾಯಾಲಯಗಳು ಕೂದಲಿನ ಪರೀಕ್ಷೆಯನ್ನು ಹೆಚ್ಚು ಬಳಸುತ್ತವೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ 3 ಸೆಂಟಿಮೀಟರ್ ತುಂಡು ಮೂರು ತಿಂಗಳ ಚಿತ್ರ ಕೊಡುತ್ತದೆ. ಆದರೆ ಬ್ಲೀಚ್ ಮಾಡಿದ ಕೂದಲಲ್ಲಿ ಪ್ರಮಾಣ ಇಳಿಯುತ್ತದೆ, ಕಪ್ಪು ಕೂದಲು ಕೊಕೇನ್‌ನಂಥವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಅದೊಂದನ್ನೇ ನಂಬಿ ಮಗುವಿನ ಭವಿಷ್ಯ ತೀರ್ಮಾನಿಸುವುದು ಸರಿಯಲ್ಲ.

ಲಂಡನ್ ಮಾದರಿ

ಇಂಗ್ಲೆಂಡಿನಲ್ಲಿ ಗಡುವು ಇನ್ನೂ ಬಿಗಿ: 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯಂತೆ ಇಂಥ ಪ್ರಕರಣ 26 ವಾರದಲ್ಲಿ ಮುಗಿಯಬೇಕು, ತೀರಾ ಅಗತ್ಯವಿದ್ದರೆ ಮಾತ್ರ ವಿಸ್ತರಣೆ. ಅಲ್ಲಿನ ವಿಶೇಷವೆಂದರೆ ನ್ಯಾಯಾಲಯಕ್ಕೆ ಅಂಟಿಕೊಂಡೇ ಇರುವ ಒಂದು ಪರಿಣತ ತಂಡ: ಸಮಾಜ ಕಾರ್ಯಕರ್ತರು, ವ್ಯಸನ ತಜ್ಞರು, ಮನೋವೈದ್ಯರು, ಮನಶ್ಶಾಸ್ತ್ರಜ್ಞರು. ಮೌಲ್ಯಮಾಪನ ಮಾಡುವವರೂ ಅವರೇ, ಯೋಜನೆ ಹಾಕಿ ಜೊತೆಗೆ ನಡೆಯುವವರೂ ಅವರೇ. ಎರಡು ವಾರಕ್ಕೊಮ್ಮೆ ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ಕೂರುವ ಪರಿಶೀಲನೆ ಇದರ ಜೀವಾಳ.

ಇದರಿಂದ ಉಳಿತಾಯದ ಒಂದು ಅನಿರೀಕ್ಷಿತ ದಾರಿ ತೆರೆದುಕೊಳ್ಳುತ್ತದೆ. ಸಾಮಾನ್ಯ ಪ್ರಕರಣದಲ್ಲಿ ಹೊರಗಿನ ತಜ್ಞರಿಗೆ ಶುಲ್ಕ ಕೊಟ್ಟು ವರದಿ ಬರೆಸಬೇಕು. 2023ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಎಫ್‌ಡ್ಯಾಕ್ ಪ್ರಕರಣಗಳಲ್ಲಿ ಹೊರಗಿನ ತಜ್ಞರ ವರದಿ ಬೇಕಾದದ್ದು ಶೇ 7.7ರಲ್ಲಿ, ಹೋಲಿಕೆಯ ಪ್ರಕರಣಗಳಲ್ಲಿ ಅದು ಶೇ 90ರಷ್ಟು. ಅಂತಿಮ ವಿಚಾರಣೆಯಲ್ಲಿ ಜಗ್ಗಾಟ ನಡೆದದ್ದು ಶೇ 4.2ರಲ್ಲಿ, ಉಳಿದೆಡೆ ಶೇ 23.8ರಲ್ಲಿ. ಸೋತ ತಾಯಿಯೂ ತಾನು ಪ್ರಯತ್ನಿಸಿದ್ದೇನೆ, ತನ್ನನ್ನು ಕೇಳಿಸಿಕೊಂಡಿದ್ದಾರೆ ಎಂದುಕೊಂಡಾಗ ಕೊನೆಯ ತೀರ್ಪಿನ ವಿರುದ್ಧ ಹೋರಾಡುವುದು ಕಡಿಮೆ.

ಫಲಿತಾಂಶದ ಅಂಕಿಗಳು

ಅಮೆರಿಕದ ಮೂರು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ, 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ಡ್ರಗ್ ಕೋರ್ಟ್ ಕುಟುಂಬಗಳ ಮಕ್ಕಳಲ್ಲಿ ಶೇ 55 ಮಂದಿ ಮನೆಗೆ ಮರಳಿದರು, ಹೋಲಿಕೆಯ ಗುಂಪಿನಲ್ಲಿ ಶೇ 29. ಮನೆಯಿಂದ ಹೊರಗೆ ಕಳೆದ ದಿನಗಳ ಮಧ್ಯಾಂಕ, ಅಂದರೆ ಏರಿಕೆಯ ಸಾಲಿನಲ್ಲಿ ನಡುವೆ ಬರುವ ಸಂಖ್ಯೆ, 481. ಇನ್ನೊಂದು ಗುಂಪಿನಲ್ಲಿ 689. ಬಾಲ್ಟಿಮೋರ್‌ನಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದವರು ಶೇ 64 ಮತ್ತು 36 (ಇಲ್ಲಿಂದ ಮುಂದೆ ಮೊದಲ ಸಂಖ್ಯೆ ಡ್ರಗ್ ಕೋರ್ಟ್‌ನದು, ಎರಡನೆಯದು ಹೋಲಿಕೆಯ ಗುಂಪಿನದು), ಮರುಸೇರ್ಪಡೆ ಶೇ 70 ಮತ್ತು 45. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ 24 ತಿಂಗಳಿಗೆ ಮರುಸೇರ್ಪಡೆ ಶೇ 42 ಮತ್ತು 27.2. ಊರು ಬೇರೆ, ಜನ ಬೇರೆ, ಮಾದರಿ ಬೇರೆ. ಆದರೂ ಅಂತರ ಹದಿನೈದರಿಂದ ಇಪ್ಪತ್ತಾರು ಅಂಶಗಳ ನಡುವೆ ನಿಲ್ಲುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆ, ಮರುಸೇರ್ಪಡೆಯ ಸಾಧ್ಯತೆ ಸುಮಾರು ಎರಡು ಪಟ್ಟು ಎಂದಿತು. ಹಾಗೆ ಮರಳಿದ ಮಕ್ಕಳ ಮೇಲೆ ಮತ್ತೆ ಹಿಂಸೆ ನಡೆದ ದೂರುಗಳು ಹೆಚ್ಚಾಗಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ಮೊದಲನೆಯದಕ್ಕೆ ಅರ್ಥ ಕೊಡುವುದು. ಅಪಾಯಕ್ಕೆ ಕಣ್ಣುಮುಚ್ಚಿ ಮಕ್ಕಳನ್ನು ಬೇಗ ಕಳಿಸಿ ಅಂಕಿ ಏರಿಸುವುದು ಯಾವ ನ್ಯಾಯಾಲಯಕ್ಕೂ ಕಷ್ಟವಲ್ಲ.

ಇಂಗ್ಲೆಂಡಿನ ದೀರ್ಘಾವಧಿಯ ಅಂಕಿಗಳು ಇನ್ನೂ ಬೆಲೆಯುಳ್ಳವು. 2016ರ ವರದಿಯಲ್ಲಿ ಪ್ರಕರಣ ಮುಗಿಯುವ ಹೊತ್ತಿಗೆ ಬಳಕೆ ನಿಲ್ಲಿಸಿದ ತಾಯಂದಿರು ಶೇ 46 ಮತ್ತು 30, ಮಕ್ಕಳೊಂದಿಗೆ ಉಳಿದ ಅಥವಾ ಮತ್ತೆ ಸೇರಿದ ಕುಟುಂಬಗಳು ಶೇ 37 ಮತ್ತು 25. ಅಂತರ ದೊಡ್ಡದಲ್ಲ ಎನಿಸಬಹುದು. ಆದರೆ ಮಕ್ಕಳನ್ನು ಮರಳಿ ಪಡೆದವರಲ್ಲಿ ಮೂರು ವರ್ಷ ಯಾವ ಬಿರುಕೂ ಇಲ್ಲದೆ ಬಾಳಿದವರು ಶೇ 51, ಸಾಮಾನ್ಯ ನ್ಯಾಯಾಲಯದ ದಾರಿಯಲ್ಲಿ ಬಂದವರಲ್ಲಿ ಶೇ 22. ಐದು ವರ್ಷದಲ್ಲಿ ಬಳಕೆಯಿಂದ ದೂರವೇ ಉಳಿದ ತಾಯಂದಿರು ಶೇ 58 ಮತ್ತು 24. 2023ರ ಮೌಲ್ಯಮಾಪನದಲ್ಲಂತೂ ಮರುಸೇರ್ಪಡೆ ಶೇ 52 ಮತ್ತು 12.5, ಬಳಕೆ ನಿಲ್ಲಿಸಿದವರು ಶೇ 33.6 ಮತ್ತು 8.1.

ಇವನ್ನು ಓದುವಾಗ ಒಂದು ಎಚ್ಚರ ಬೇಕು. ಬಹುತೇಕ ಇವು ಚೀಟಿ ಎತ್ತಿ ಹಂಚಿದ ಪ್ರಯೋಗಗಳಲ್ಲ. ಡ್ರಗ್ ಕೋರ್ಟ್‌ಗೆ ಬರುವುದು ತಂದೆತಾಯಿಯ ಒಪ್ಪಿಗೆಯ ಮೇಲೆ. ಬದಲಾಗುವ ಮನಸ್ಸಿದ್ದವರೇ ಹೆಚ್ಚು ಒಪ್ಪುತ್ತಾರೆ. ಅವರು ಎಲ್ಲಿದ್ದರೂ ಸ್ವಲ್ಪ ಹೆಚ್ಚೇ ಗೆಲ್ಲುತ್ತಿದ್ದರು. ಸಂಖ್ಯಾಶಾಸ್ತ್ರದಿಂದ ಹೊಂದಾಣಿಕೆಯ ಗುಂಪು ಮಾಡಿದರೂ ಮನಸ್ಸಿನ ತಯಾರಿಯನ್ನು ಹೊಂದಿಸಲಾಗದು. ಇದಕ್ಕಿಂತ ದೊಡ್ಡ ಮೋಸ, ಕಾರ್ಯಕ್ರಮ ಮುಗಿಸಿದವರನ್ನು ಮಾತ್ರ ಎಣಿಸುವುದು. ನಾರ್ತ್ ಕರೊಲಿನಾದ ದತ್ತಾಂಶದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶ ಕಂಡದ್ದು ಮುಗಿಸಿದವರಲ್ಲಿ. ಸೇರಿ ಅರ್ಧಕ್ಕೆ ಬಿಟ್ಟವರಿಗೂ ಸೇರದೇ ಇದ್ದವರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಯಾವುದೇ ನ್ಯಾಯಾಲಯದ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು: ಶೇಕಡಾ ಲೆಕ್ಕದ ಕೆಳಗಿನ ಸಂಖ್ಯೆ ಸೇರಿದವರದೋ, ಮುಗಿಸಿದವರದೋ?

ದುಡ್ಡಿನ ಲೆಕ್ಕ

2012ರಲ್ಲಿ ಅಮೆರಿಕದ ಡ್ರಗ್ ಕೋರ್ಟ್ ವೃತ್ತಿಪರರ ರಾಷ್ಟ್ರೀಯ ಸಂಘ ಪ್ರಕಟಿಸಿದ ಸಂಶೋಧನಾ ಸಮೀಕ್ಷೆಯಂತೆ ಒಂದು ಕುಟುಂಬಕ್ಕೆ ತಗಲುವ ವೆಚ್ಚ ಸುಮಾರು 7,000ದಿಂದ 14,000 ಡಾಲರ್. ಮಕ್ಕಳು ಫಾಸ್ಟರ್ ಮನೆಗಳಲ್ಲಿ, ಅಂದರೆ ಸರ್ಕಾರ ಹಣ ಕೊಟ್ಟು ಇರಿಸುವ ಬೇರೆಯವರ ಮನೆಗಳಲ್ಲಿ, ಕಡಿಮೆ ದಿನ ಕಳೆದದ್ದರಿಂದ ಉಳಿದದ್ದು ಒಂದು ಮಗುವಿಗೆ ಮೇನ್ ರಾಜ್ಯದಲ್ಲಿ ಸುಮಾರು 10,000, ಆರೆಗಾನ್‌ನಲ್ಲಿ 13,000, ಮೊಂಟಾನಾದಲ್ಲಿ 15,000 ಡಾಲರ್. ಬಾಲ್ಟಿಮೋರ್‌ನಲ್ಲಿ ಒಂದು ಕುಟುಂಬಕ್ಕೆ ಸುಮಾರು 5,000. ಲಂಡನ್ನಿನಲ್ಲಿ 2014–15ರ ಸಾಲಿನ 46 ಪ್ರಕರಣಗಳಿಗೆ ಆದ ಖರ್ಚು 5.6 ಲಕ್ಷ ಪೌಂಡ್, ಪ್ರಕರಣಕ್ಕೆ ಸುಮಾರು 12,000. ಐದು ವರ್ಷಗಳಲ್ಲಿ ಅಂದಾಜು ಉಳಿತಾಯ 12.9 ಲಕ್ಷ ಪೌಂಡ್. ಒಂದು ಪೌಂಡಿಗೆ 2.30 ಪೌಂಡ್. ಹಾಕಿದ ಹಣ ಎರಡು ವರ್ಷದೊಳಗೆ ಮರಳುತ್ತದೆ ಎಂಬುದು ಆ ಲೆಕ್ಕ.

ಈ ಸಂಖ್ಯೆಗಳು ಊರಿಂದ ಊರಿಗೆ ಇಷ್ಟು ಬದಲಾಗುವುದು ಏಕೆ? ಒಂದು ಕಲ್ಪಿತ ದರ ಇಟ್ಟುಕೊಂಡು ನೋಡೋಣ. ಮಗು ಹೊರಗೆ ಕಳೆಯುವ ಕಾಲ ಕಿಂಗ್ ಕೌಂಟಿಯಂತೆ 208 ದಿನ ಕಡಿಮೆಯಾಯಿತು ಎನ್ನೋಣ. ಫಾಸ್ಟರ್ ಮನೆಗೆ ದಿನಕ್ಕೆ 40 ಡಾಲರ್ ಆದರೆ ಒಂದು ಮಗುವಿಗೆ ಉಳಿತಾಯ 8,320. ಕುಟುಂಬದಲ್ಲಿ ಮೂರು ಮಕ್ಕಳಿದ್ದರೆ 24,960. ಅದೇ ಮಗು ದಿನಕ್ಕೆ 250 ಡಾಲರ್ ತಗಲುವ ಸಂಸ್ಥೆಯಲ್ಲಿದ್ದರೆ ಒಬ್ಬನಿಂದಲೇ 52,000. ಮಗು ಅಜ್ಜಿಯ ಮನೆಯಲ್ಲಿದ್ದು, ರಾಜ್ಯ ಅಜ್ಜಿಗೆ ಏನನ್ನೂ ಕೊಡದಿದ್ದರೆ ಉಳಿತಾಯ ಸೊನ್ನೆ. ಕುಟುಂಬಕ್ಕೆ ಆದ ಒಳಿತು ಮಾತ್ರ ಕಡಿಮೆಯಾಗುವುದಿಲ್ಲ. ಮಕ್ಕಳ ಸಂಖ್ಯೆ, ಇರಿಸಿದ ಜಾಗ, ನೆಂಟರ ಮನೆಗೆ ಹಣ ಕೊಡುವ ನೀತಿ, ಈ ಮೂರೇ ಹೆಚ್ಚಿನ ವ್ಯತ್ಯಾಸಕ್ಕೆ ಕಾರಣ. ಬಾಲ್ಟಿಮೋರ್‌ನಲ್ಲಿ ಕಡಿಮೆಯಾದದ್ದು ನೆಂಟರಲ್ಲದವರ ಮನೆಯಲ್ಲಿ ಕಳೆದ ದಿನಗಳು, ಉಳಿತಾಯ ಬಂದದ್ದೂ ಅಲ್ಲಿಂದಲೇ. ಬಜೆಟ್ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಮೇಲಿನ 208 ಮಧ್ಯಾಂಕಗಳ ವ್ಯತ್ಯಾಸ. ಒಟ್ಟು ಖರ್ಚಿಗೆ ಬೇಕಾದದ್ದು ಸರಾಸರಿ, ಏಕೆಂದರೆ ವರ್ಷಗಟ್ಟಲೆ ಹೊರಗುಳಿಯುವ ಕೆಲವೇ ಮಕ್ಕಳ ಬಿಲ್ಲು ಸರಾಸರಿಯಲ್ಲಿ ಮಾತ್ರ ಕಾಣುತ್ತದೆ.

ಖರ್ಚಿನ ಕಡೆ ಒಂದು ಸಾಲು ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ: ಚಿಕಿತ್ಸೆಯ ವೆಚ್ಚ ಏರುತ್ತದೆ. ಏರಲೇಬೇಕು. ಸಾಮಾನ್ಯ ಹಾದಿಯಲ್ಲಿ ಚಿಕಿತ್ಸೆ ಅಗ್ಗವಾಗಿ ಕಾಣುವುದು ಅನೇಕರು ಅದಕ್ಕೆ ಸೇರುವುದೇ ಇಲ್ಲ ಅಥವಾ ಮೂರನೇ ವಾರಕ್ಕೆ ಬಿಡುತ್ತಾರೆ ಎಂಬ ಕಾರಣಕ್ಕೆ. ಈ ಏರಿಕೆ ಕಾಣದ ನ್ಯಾಯಾಲಯವೇ ಚಿಂತೆಗೆ ಕಾರಣ.

ಉಳಿತಾಯವನ್ನು ಹಿಗ್ಗಿಸಿ ಹೇಳುವ ದಾರಿಯೂ ಒಂದಿದೆ. ಒಂದು ಮಗು ಮನೆಗೆ ಮರಳಿತು ಎಂದ ಮಾತ್ರಕ್ಕೆ ಸಮಾಜ ಕಾರ್ಯಕರ್ತೆಯ ಸಂಬಳ ಕಡಿಮೆಯಾಗುವುದಿಲ್ಲ. ನಿಲ್ಲುವುದು ಫಾಸ್ಟರ್ ಮನೆಗೆ ದಿನವಹಿ ಕೊಡುವ ಭತ್ಯೆ. ಸಿಬ್ಬಂದಿ, ಕಟ್ಟಡ ಎಲ್ಲವನ್ನೂ ಸೇರಿಸಿದ ಸರಾಸರಿ ದರದಿಂದ ಗುಣಿಸಿದರೆ ಬರುವ ಮೊತ್ತ ಖಜಾನೆಗೆ ಎಂದೂ ಮರಳುವುದಿಲ್ಲ.

ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು

ಈ ನ್ಯಾಯಾಲಯಗಳು ಚೆನ್ನಾಗಿ ನಡೆಯುತ್ತಿದ್ದಾಗಲೂ ಮುಚ್ಚುವುದಕ್ಕೆ ಮುಖ್ಯ ಕಾರಣ ಇದು. ಸಮನ್ವಯಾಧಿಕಾರಿಯ ಸಂಬಳ ನ್ಯಾಯಾಂಗದ ಬಜೆಟ್‌ನಿಂದ ಅಥವಾ ಅನುದಾನದಿಂದ. ಚಿಕಿತ್ಸೆಯ ಬಿಲ್ಲು ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ. ಫಾಸ್ಟರ್ ಭತ್ಯೆಯ ಉಳಿತಾಯ ರಾಜ್ಯದ ಮಕ್ಕಳ ಇಲಾಖೆಗೆ, ಅದರಲ್ಲೂ ಒಂದು ಪಾಲು ಸಂಯುಕ್ತ ಸರ್ಕಾರಕ್ಕೆ. ಆ ಪಾಲು ಮಗುವಿನ ಮೂಲ ಮನೆಯ ಆದಾಯ 1996ರ ಹಳೆಯ ಬಡತನದ ಮಾನದಂಡಕ್ಕೆ ಹೊಂದುತ್ತದೆಯೇ ಎಂಬುದರ ಮೇಲೆ ನಿಂತಿರುವುದರಿಂದ ಅನೇಕ ಮಕ್ಕಳಿಗೆ ಅದು ಅನ್ವಯಿಸುವುದೂ ಇಲ್ಲ. ಹೀಗಾಗಿ ಹಣ ಹಾಕುವ ಅಧಿಕಾರಿಯ ಕಡತದಲ್ಲಿ ಉಳಿತಾಯ ಎಂದೂ ಕಾಣಿಸುವುದಿಲ್ಲ. ಇಂಗ್ಲೆಂಡಿನಲ್ಲೂ ತಂಡಕ್ಕೆ ದುಡ್ಡು ಕೊಡುವುದು ಸ್ಥಳೀಯ ಆಡಳಿತ. ಲಾಭದ ಒಂದು ಭಾಗ ಆರೋಗ್ಯ ಸೇವೆಗೆ, ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಎಲ್ಲ ಎಫ್‌ಡ್ಯಾಕ್‌ಗಳಿಗೂ ನೆರವಾಗುತ್ತಿದ್ದ ರಾಷ್ಟ್ರೀಯ ಘಟಕ, ಮೇಲೆ ಹೇಳಿದ 2.30ರ ಲೆಕ್ಕ ಹೊರಬಂದ ಎರಡೇ ವರ್ಷಕ್ಕೆ, 2018ರಲ್ಲಿ ಹಣವಿಲ್ಲದೆ ಮುಚ್ಚಿತು.

ಎಲ್ಲಿ ಕೆಡುತ್ತದೆ

ತಡವಾಗಿ ಸೇರಿಸುವುದು ಮೊದಲ ಕೇಡು. ಬೇರೆಲ್ಲ ವಿಫಲವಾದ ಮೇಲೆ ಎಂಟನೇ ತಿಂಗಳಲ್ಲಿ ಡ್ರಗ್ ಕೋರ್ಟ್‌ಗೆ ಕಳಿಸಿದರೆ 12 ತಿಂಗಳ ಕಾರ್ಯಕ್ರಮಕ್ಕೆ ಜಾಗವೇ ಇರುವುದಿಲ್ಲ.

ಔಷಧವನ್ನು ತಡೆಯುವುದು ಎರಡನೆಯದು, ಜೀವಕ್ಕೇ ಅಪಾಯ ತರುವಂಥದ್ದು. ಹೆರಾಯಿನ್, ಫೆಂಟನಿಲ್ ವ್ಯಸನಕ್ಕೆ ಮೆಥಡೋನ್, ಬುಪ್ರೆನಾರ್ಫಿನ್ ಸಾವನ್ನು ತಡೆಯುವ ಔಷಧಗಳು. ಒಂದು ನಶೆಯ ಬದಲು ಇನ್ನೊಂದು ಎಂದು ಅವನ್ನು ಬಿಡಿಸಿದ ನ್ಯಾಯಾಲಯಗಳಿದ್ದವು. ವೈದ್ಯರು ಬರೆದುಕೊಟ್ಟ ಈ ಔಷಧಗಳ ಕಾರಣಕ್ಕೆ ತಾರತಮ್ಯ ಮಾಡುವುದು ಅಂಗವಿಕಲರ ಹಕ್ಕು ಕಾಯ್ದೆಯ ಉಲ್ಲಂಘನೆ ಎಂದು 2022ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಸ್ಪಷ್ಟಪಡಿಸಿತು. ಔಷಧ ಬಿಟ್ಟು ಕೆಲವು ವಾರ ಕಳೆದವರ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಆಗ ಆಗುವ ಒಂದು ಮರುಬಳಕೆಯೇ ಸಾವಾಗಬಹುದು.

ಮನೆ ಮೂರನೆಯದು. ಚಿಕಿತ್ಸೆ ಮುಗಿಸಿ, ಪರೀಕ್ಷೆಗಳೆಲ್ಲ ನೆಗೆಟಿವ್ ಬಂದು, ಕೊನೆಗೆ ಮಗುವಿಗೊಂದು ಕೋಣೆ ಇಲ್ಲ ಎಂಬ ಕಾರಣಕ್ಕೆ ಮರುಸೇರ್ಪಡೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮಗು ಜೊತೆಗಿಲ್ಲದೆ ದೊಡ್ಡ ಮನೆಗೆ ನೆರವಿಲ್ಲ, ದೊಡ್ಡ ಮನೆಯಿಲ್ಲದೆ ಮಗು ಬರುವುದಿಲ್ಲ. ಈ ಗಂಟು ಬಿಡಿಸಲೆಂದೇ ಸಂಯುಕ್ತ ಸರ್ಕಾರದ ಕುಟುಂಬ ಏಕೀಕರಣ ಬಾಡಿಗೆ ವೋಚರ್ ಇದೆ. ಆ ಅರ್ಜಿಯನ್ನು ಮೊದಲ ಹಂತದಲ್ಲೇ ಹಾಕಬೇಕು, ಕೊನೆಯ ಹಂತದಲ್ಲಲ್ಲ.

ವಾರದಲ್ಲಿ 9 ಗಂಟೆ ಚಿಕಿತ್ಸೆ, ಎರಡು ಪರೀಕ್ಷೆ, ಒಂದು ವಿಚಾರಣೆ, ಎರಡು ಭೇಟಿ, ಒಂದು ತರಗತಿ. ಇದರ ನಡುವೆ ಕೆಲಸ. ಕಾರಿಲ್ಲದವರಿಗೆ ಬಸ್ಸಿಗೆ ಕಾದು ಪರೀಕ್ಷೆ ತಪ್ಪಿದರೆ ಅದನ್ನೂ ಪಾಸಿಟಿವ್ ಎಂದೇ ಬರೆದುಕೊಳ್ಳುವ ಕಡೆಗಳಿವೆ. ಯೋಜನೆ ಹಾಕುವವರು ಆ ಬಸ್ಸಿನ ವೇಳಾಪಟ್ಟಿ ಎದುರಿಗಿಟ್ಟುಕೊಂಡು ವಾರದ ಹಾಳೆ ಬರೆಯಬೇಕು.

ತಂದೆಯನ್ನು ಮರೆಯುವುದೂ ಸಾಮಾನ್ಯ. ತಾಯಿ ಚಿಕಿತ್ಸೆಯಲ್ಲಿದ್ದು, ಅದೇ ಮನೆಯಲ್ಲಿ ತಂದೆ ಬಳಸುತ್ತಲೇ ಇದ್ದರೆ ಮರುಸೇರ್ಪಡೆ ಬಹಳ ದಿನ ನಿಲ್ಲದು.

ನ್ಯಾಯಾಧೀಶರ ವರ್ಗಾವಣೆ ಇನ್ನೊಂದು. ವರ್ಷಕ್ಕೊಬ್ಬರು ಬದಲಾದರೆ ಪ್ರತಿ ಸಲವೂ ಆರು ತಿಂಗಳು ಕಲಿಕೆಗೆ ಹೋಗುತ್ತದೆ. ಕನಿಷ್ಠ ಎರಡು ವರ್ಷ ಅದೇ ಪೀಠದಲ್ಲಿರುವವರು ಬೇಕು.

ಮರುಸೇರ್ಪಡೆ ಆಗದ ಪ್ರಕರಣಗಳನ್ನು ಸೋಲು ಎಂದು ಎಣಿಸುವುದು ಮಾತ್ರ ತಪ್ಪು. ಎರಡು ವಾರಕ್ಕೊಮ್ಮೆ ನೋಡುತ್ತಿರುವ ನ್ಯಾಯಾಲಯಕ್ಕೆ, ಇಲ್ಲಿ ಬದಲಾವಣೆ ಸಮಯಕ್ಕೆ ಆಗುವುದಿಲ್ಲ ಎಂಬುದೂ ಬೇಗ ತಿಳಿಯುತ್ತದೆ. ಆಗ ಮಗು ವರ್ಷಗಟ್ಟಲೆ ಮನೆಯಿಂದ ಮನೆಗೆ ಅಲೆಯದೆ ನೆಂಟರ ಮನೆಯಲ್ಲೋ ದತ್ತು ಕುಟುಂಬದಲ್ಲೋ ನೆಲೆ ಕಾಣುತ್ತದೆ. ಕಿಂಗ್ ಕೌಂಟಿಯಲ್ಲಿ ಯಾವುದಾದರೊಂದು ಶಾಶ್ವತ ನೆಲೆ ಸಿಕ್ಕ ಮಕ್ಕಳು ಶೇ 79, ಹೋಲಿಕೆಯ ಗುಂಪಿನಲ್ಲಿ ಶೇ 53.

ಶುರುಮಾಡುವವರಿಗೆ ಈಗ ಇರುವ ದಾರಿ

2018ರ ಫ್ಯಾಮಿಲಿ ಫಸ್ಟ್ ಕಾಯ್ದೆ ಅಮೆರಿಕದಲ್ಲಿ ಹಣದ ಹರಿವನ್ನು ಸ್ವಲ್ಪ ಬದಲಿಸಿದೆ. ಹಿಂದೆ ಫಾಸ್ಟರ್ ಮನೆಗೆ ಮಾತ್ರ ಸಿಗುತ್ತಿದ್ದ ಸಂಯುಕ್ತ ಸರ್ಕಾರದ ಹಣವನ್ನು ಈಗ ಮಗುವನ್ನು ಮನೆಯಿಂದ ತೆಗೆಯುವ ಮೊದಲೇ ತಂದೆತಾಯಿಯ ವ್ಯಸನ ಚಿಕಿತ್ಸೆಗೆ, 12 ತಿಂಗಳವರೆಗೆ, ಬಳಸಬಹುದು. ಮಗು ತಾಯಿಯ ಜೊತೆಗೇ ವಸತಿ ಚಿಕಿತ್ಸಾ ಕೇಂದ್ರದಲ್ಲಿದ್ದರೂ 12 ತಿಂಗಳವರೆಗೆ ಭತ್ಯೆ ಸಿಗುತ್ತದೆ. ಹಸುಗೂಸಿನ ತಾಯಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ: ಮಗು ಕಣ್ಣೆದುರೇ ಇರುತ್ತದೆ, ಪಾಲನೆಯನ್ನು ಸಿಬ್ಬಂದಿ ದಿನವೂ ನೋಡುತ್ತಾರೆ, ಅಗಲಿಕೆಯ ದಿನಗಳ ಎಣಿಕೆಯೇ ಇರುವುದಿಲ್ಲ.

ಹೊಸದಾಗಿ ನ್ಯಾಯಾಲಯ ತೆರೆಯುವ ಕೌಂಟಿ ಮೊದಲ ಕುಟುಂಬವನ್ನು ಸೇರಿಸುವ ಮುಂಚೆಯೇ ಹಿಂದಿನ ಎರಡು ವರ್ಷಗಳ ಪ್ರಕರಣಗಳಿಂದ ನಾಲ್ಕು ಸಂಖ್ಯೆ ತೆಗೆದಿಡಬೇಕು: ಮಗು ಮನೆ ಬಿಟ್ಟ ದಿನದಿಂದ ತಾಯಿ ಚಿಕಿತ್ಸೆಗೆ ಸೇರಿದ ದಿನದವರೆಗಿನ ಅಂತರ, ಚಿಕಿತ್ಸೆಯಲ್ಲಿ ಉಳಿದ ದಿನ, ಮಗು ಹೊರಗೆ ಕಳೆದ ದಿನ ಮತ್ತು ಅದು ಯಾವ ಬಗೆಯ ಮನೆಯಲ್ಲಿ, ಮರಳಿದ ಮೇಲೆ 12 ತಿಂಗಳಲ್ಲಿ ಮತ್ತೆ ತೆಗೆದ ಮಕ್ಕಳ ಪ್ರಮಾಣ. ಆಮೇಲೆ ಹುಡುಕಲು ಹೋದರೆ ಅವು ನ್ಯಾಯಾಲಯದ, ಚಿಕಿತ್ಸಾ ಕೇಂದ್ರದ, ಇಲಾಖೆಯ ಮೂರು ಬೇರೆ ಬೇರೆ ಕಂಪ್ಯೂಟರುಗಳಲ್ಲಿ, ಒಂದಕ್ಕೊಂದು ತಾಳೆಯಾಗದ ಸಂಖ್ಯೆಗಳಡಿ ಸಿಗುತ್ತವೆ. ಅನುದಾನ ಮುಗಿಯುವ ವರ್ಷ ಬಜೆಟ್ ಸಭೆಯಲ್ಲಿ ಕೇಳುವುದು ಈ ನಾಲ್ಕನ್ನೇ.